ಆಶ್ರಯನಗರವಾದ ಹಳ್ಳಿ

ಧರ್ಮೋಪದೇಶಕಾಂಡವನ್ನು ಕೂತು ಓದುವವರು ಕಡಿಮೆ. ಅದರ ಹತ್ತೊಂಬತ್ತನೆಯ ಅಧ್ಯಾಯವಂತೂ ನ್ಯಾಯಾಲಯದ ಕಾಗದಪತ್ರದ ಹಾಗಿದೆ. ದ್ವೇಷವಿಲ್ಲದೆ, ಕೈತಪ್ಪಿ ಒಬ್ಬನ ಸಾವಿಗೆ ಕಾರಣನಾದವನು ಸೇಡಿಗಾಗಿ ಬೆನ್ನಟ್ಟುವವರಿಂದ ಓಡಿಹೋಗಿ ಸೇರಿಕೊಳ್ಳಲು ಕೆಲವು ಊರುಗಳನ್ನು ಗೊತ್ತುಮಾಡಿ ಇಡಬೇಕು, ಅಲ್ಲಿಗೆ ಹೋಗುವ ದಾರಿಯನ್ನು ಸರಿಮಾಡಿ ಇಡಬೇಕು, ನಿರಪರಾಧಿಯ ರಕ್ತ ನಾಡಿನ ನೆಲದ ಮೇಲೆ ಬೀಳಕೂಡದು ಎಂಬ ಕಟ್ಟಳೆ ಅದು. ಕನ್ನಡ ಸತ್ಯವೇದ ಓದಿದವರಿಗೆ ಇವು ಆಶ್ರಯನಗರಗಳೆಂದು ಗೊತ್ತು. ಪ್ರಸಂಗ ಮಾಡುವವರು ಇದನ್ನು ಕ್ರಿಸ್ತನ ಮುನ್ಸೂಚನೆಯೆಂದು ವಿವರಿಸಿ ಮುಂದಿನ ಅಧ್ಯಾಯಕ್ಕೆ ಹೋಗುವುದು ವಾಡಿಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಒಂದು ಗುಡ್ಡಗಾಡಿನ ಹಳ್ಳಿ ಹಾಗೆ ಮುಂದೆ ಹೋಗಲಿಲ್ಲ. ಆ ಅಧ್ಯಾಯದಲ್ಲಿ ಬರೆದದ್ದನ್ನು ಬರೆದ ಹಾಗೆಯೇ ಓದಿಕೊಂಡಿತು.

ಹಳ್ಳಿಯ ಹೆಸರು ಲೆ ಶಾಂಬೋಂ-ಸ್ಯೂರ್-ಲಿನ್ಯೋಂ. ಲಿನ್ಯೋಂ ಹೊಳೆಯ ದಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಕಗ್ಗಲ್ಲಿನ ಮನೆಗಳು, ಪೈನ್ ಕಾಡು, ತಿಂಗಳುಗಟ್ಟಲೆ ಹಿಮ. ಬೆಳೆ ಬಡವಾಗಿರುವ ಊರು. ಬೇಸಿಗೆಯಲ್ಲಿ ಗಾಳಿ ಚೆನ್ನಾಗಿದೆಯೆಂದು ಬಯಲುಸೀಮೆಯ ಜನ ಬರುತ್ತಿದ್ದರು. ಸೇಂತ್-ಎತಿಯೆನ್ ಪಟ್ಟಣದ ಗಣಿ ಕಾರ್ಮಿಕರ ಮಕ್ಕಳನ್ನು ರೈತರ ಮನೆಗಳಲ್ಲಿ ಇರಿಸಿಕೊಂಡು ಆರೈಕೆ ಮಾಡುವ ಪದ್ಧತಿ ಅಲ್ಲಿಗೆ ಹಳೆಯದು. ಬಾಡಿಗೆ ಕೋಣೆಗಳು, ಊಟದ ಮನೆಗಳು, ಪರಊರಿನ ಮಕ್ಕಳು ಅಂಗಳದಲ್ಲಿ ಆಡುವುದು, ಇವೆಲ್ಲ ಆ ಊರಿಗೆ ಹೊಸತಲ್ಲ. ಮುಂದೆ ನಡೆದದ್ದಕ್ಕೆ ಈ ಸಣ್ಣ ಸಂಗತಿ ಬಹಳ ಉಪಕಾರಕ್ಕೆ ಬಂತು.

ಅದಕ್ಕಿಂತ ದೊಡ್ಡದು ಊರಿನ ನೆನಪು. ಕೆಥೊಲಿಕ್ ಫ್ರಾನ್ಸಿನಲ್ಲಿ ಇದು ಪ್ರಾಟೆಸ್ಟಂಟರ ಸೀಮೆ. 1685ರಲ್ಲಿ ಪ್ರಾಟೆಸ್ಟಂಟರಿಗೆ ಆರಾಧನೆಯ ಹಕ್ಕು ಕೊಟ್ಟಿದ್ದ ನಾಂತ್ ಶಾಸನವನ್ನು ಹದಿನಾಲ್ಕನೆಯ ಲೂಯಿ ದೊರೆ ರದ್ದುಮಾಡಿದ ಮೇಲೆ ಇವರ ಆರಾಧನೆಯೇ ಅಪರಾಧವಾಯಿತು. ಸುಮಾರು ನೂರು ವರ್ಷ ಕಾಡಿನ ನಡುವೆ, ಬಂಡೆಗಳ ಮರೆಯಲ್ಲಿ ಸಭೆ ಸೇರಿದರು. ಸಿಕ್ಕಿಬಿದ್ದ ಬೋಧಕರಿಗೆ ನೇಣು, ಗಂಡಸರಿಗೆ ದೊರೆಯ ಹಡಗಿನಲ್ಲಿ ಹುಟ್ಟುಹಾಕುವ ಶಿಕ್ಷೆ, ಹೆಂಗಸರಿಗೆ ಸೆರೆ. ಹತ್ತಿರದ ವಿವಾರೆ ಸೀಮೆಯ ಮಾರಿ ದ್ಯುರಾಂ ಎಂಬ ಹುಡುಗಿಯನ್ನು 1730ರಲ್ಲಿ ಹಿಡಿದು ಸಮುದ್ರತೀರದ ಕೋಟೆಗೋಪುರದಲ್ಲಿ ಹಾಕಿದರು. ನನ್ನ ನಂಬಿಕೆ ಬಿಟ್ಟೆ ಎಂದು ಒಂದು ಮಾತು ಅಂದಿದ್ದರೆ ಅದೇ ದಿನ ಬಿಡುಗಡೆ. ಆಕೆ ಹೊರಗೆ ಬಂದದ್ದು 1768ರಲ್ಲಿ, 38 ವರ್ಷದ ಮೇಲೆ. ಎದುರಿಸಿ ನಿಲ್ಲು ಎಂಬ ಅರ್ಥದ ಒಂದೇ ಒಂದು ಪದ ಆ ಗೋಪುರದ ಕಲ್ಲಿನಲ್ಲಿ ಈಗಲೂ ಇದೆ, ಅದು ಆಕೆ ಕೆತ್ತಿದ್ದೆಂದು ಜನ ನಂಬುತ್ತಾರೆ. ಶಾಂಬೋಂ ಮಕ್ಕಳು ಈ ಕಥೆಗಳನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದವರು. ಬೇಟೆಗೆ ಒಳಗಾಗುವುದೆಂದರೇನು ಎಂದು ಅವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ.

ಈ ಊರಿಗೆ 1934ರಲ್ಲಿ ಪಾಸ್ಟರ್ ಆಗಿ ಬಂದವರು ಆಂದ್ರೆ ತ್ರೋಕ್ಮೆ. ಹುಟ್ಟಿದ್ದು 1901ರಲ್ಲಿ, ಉತ್ತರ ಫ್ರಾನ್ಸಿನ ಸೇಂತ್-ಕಾಂತೇನ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಆ ಪಟ್ಟಣ ಜರ್ಮನರ ವಶವಾಗಿತ್ತು. ಹುಡುಗ ತ್ರೋಕ್ಮೆಗೆ ಒಬ್ಬ ಜರ್ಮನ್ ಸೈನಿಕ ಸಿಕ್ಕಿದ, ತಂತಿ ಕಳಿಸುವ ಕೆಲಸದವನು. ಹಸಿದ ಹುಡುಗನಿಗೆ ರೊಟ್ಟಿ ಕೊಡಲು ಬಂದ. ಶತ್ರುವಿನ ರೊಟ್ಟಿ ಬೇಡವೆಂದು ಹುಡುಗ ಹೇಳಿದಾಗ, ತಾನು ಆಯುಧ ಹಿಡಿಯುವುದಿಲ್ಲ, ಕ್ರಿಸ್ತನನ್ನು ನಂಬಿದವನು ಕೊಲ್ಲಕೂಡದೆಂದು ಮೇಲಧಿಕಾರಿಗೆ ಹೇಳಿದ್ದೇನೆ ಎಂದ. ಶತ್ರುವನ್ನು ಪ್ರೀತಿಸಬೇಕೆಂಬ ಪರ್ವತ ಪ್ರಸಂಗದ ಮಾತು ಹುಡುಗನ ಎದುರಿಗೆ ಜರ್ಮನ್ ಸಮವಸ್ತ್ರದಲ್ಲಿ ಬಂದು ನಿಂತಿತ್ತು. ಅಂದಿನಿಂದ ಅವರು ಅಹಿಂಸೆಯನ್ನು ಬಿಡಲಿಲ್ಲ. ಅದರ ಬೆಲೆಯನ್ನೂ ಕೊಟ್ಟರು. ಧರ್ಮಯುದ್ಧ ಸರಿಯೆಂದು ಪ್ರಾಚೀನ ಸಭೆಯ ಗುರು ಆಗಸ್ಟೀನನ ಕಾಲದಿಂದ ಒಪ್ಪಿಕೊಂಡು ಬಂದಿರುವ ಸಭೆಗಳ ಹಿರಿಯರಿಗೆ, ಸೈನ್ಯಕ್ಕೆ ಸೇರಬೇಡಿರೆಂದು ಹೇಳುವ ಪಾಸ್ಟರ್ ಬೇಡವಾಗಿತ್ತು. ಅಷ್ಟು ದೂರದ ಹಳ್ಳಿಯ ಸಭೆ ಮಾತ್ರ ಬಾ ಎಂದಿತು.

ಹೆಂಡತಿ ಮಾಗ್ದಾ ಇಟಲಿಯ ಫ್ಲಾರೆನ್ಸಿನವರು. ಇಬ್ಬರೂ ಭೇಟಿಯಾಗಿದ್ದು ನ್ಯೂಯಾರ್ಕಿನಲ್ಲಿ, ಓದುವ ದಿನಗಳಲ್ಲಿ. ಗಂಡನಂತೆ ದೇವರ ವಿಷಯ ಮಾತನಾಡುವ ಅಭ್ಯಾಸ ಆಕೆಗೆ ಇರಲಿಲ್ಲ. ಚಳಿಯಲ್ಲಿ ನಡುಗುವವನಿಗೆ ಕಂಬಳಿ ಹೊದಿಸುವುದು ಗೊತ್ತಿತ್ತು. ತ್ರೋಕ್ಮೆ 1938ರಲ್ಲಿ ಎದುವಾರ್ ತೇಸ್ ಎಂಬ ಇನ್ನೊಬ್ಬ ಅಹಿಂಸಾವಾದಿ ಪಾಸ್ಟರ್ ಜೊತೆ ಸೇರಿ ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುವ ಪ್ರೌಢಶಾಲೆಯೊಂದನ್ನು ತೆರೆದರು. ಮೊದಲ ವರ್ಷ ಇದ್ದದ್ದು 18 ವಿದ್ಯಾರ್ಥಿಗಳು.

ಎರಡು ವರ್ಷಕ್ಕೆ ಫ್ರಾನ್ಸ್ ಸೋತಿತು. 1940ರ ಜೂನ್ 22ರಂದು ಕದನವಿರಾಮದ ಒಪ್ಪಂದಕ್ಕೆ ಸಹಿ ಬಿತ್ತು. ಮರುದಿನ ಭಾನುವಾರ. ಬಾಗಿಲ ಮೇಲೆ ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಕ್ರಿಸ್ತನ ಆಜ್ಞೆಯನ್ನು ಕೆತ್ತಿದ ಶಾಂಬೋಂ ದೇವಾಲಯದಲ್ಲಿ ಇಬ್ಬರು ಪಾಸ್ಟರುಗಳೂ ಸೇರಿ ಬರೆದ ಪ್ರಸಂಗವನ್ನು ಓದಿದರು. ಸುವಾರ್ತೆಗೆ ವಿರುದ್ಧವಾದ ಆಜ್ಞೆಗಳು ಬರುತ್ತವೆ. ಬಂದಾಗ ನಾವು ಆತ್ಮದ ಆಯುಧಗಳಿಂದ ಎದುರಿಸಬೇಕು. ಭಯವಿಲ್ಲದೆ ಎದುರಿಸಬೇಕು, ಆದರೆ ಅಹಂಕಾರವಾಗಲಿ ದ್ವೇಷವಾಗಲಿ ಇರಕೂಡದು. ಅದರ ಸಾರ ಇಷ್ಟು.

ಕ್ರೈಸ್ತರಿಗೆ ಈ ಮಾತು ಎಷ್ಟು ಕಷ್ಟದ್ದೆಂದು ಹೊರಗಿನವರಿಗೆ ಸುಲಭಕ್ಕೆ ಗೊತ್ತಾಗದು. ಆಳುವ ಅಧಿಕಾರ ದೇವರಿಂದ ನೇಮಕವಾದದ್ದು, ಅದಕ್ಕೆ ಅಧೀನರಾಗಿರಬೇಕೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯ ಹೇಳುತ್ತದೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಪೇತ್ರನು ನ್ಯಾಯಸಭೆಯ ಮುಂದೆ ಹೇಳಿದ್ದೂ ಅದೇ ಹೊಸ ಒಡಂಬಡಿಕೆಯಲ್ಲಿದೆ. ಜರ್ಮನಿಯ ಎಷ್ಟೋ ಸಭೆಗಳು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಮರೆತವು. ಮರೆತದ್ದು ವಚನ ಗೊತ್ತಿಲ್ಲದೆ ಅಲ್ಲ. ಮೊದಲನೆಯದರ ಪ್ರಕಾರ ನಡೆದರೆ ಯಾರ ಮನೆಯ ಬಾಗಿಲಿಗೂ ಪೊಲೀಸರು ಬರುವುದಿಲ್ಲ.

ಶಾಂಬೋಂನಲ್ಲಿ ಅವಿಧೇಯತೆ ಸಣ್ಣದಾಗಿ ಶುರುವಾಯಿತು. ಸೋತ ಫ್ರಾನ್ಸಿನ ಮುಖ್ಯಸ್ಥ ಮಾರ್ಷಲ್ ಪೆತಾಂ, ವಿಶಿ ಪಟ್ಟಣದಲ್ಲಿ ಕುಳಿತು ಆಳುತ್ತಿದ್ದ. ಶಾಲಾಮಕ್ಕಳು ದಿನವೂ ಧ್ವಜಕ್ಕೆ ಕೈಚಾಚಿ ವಂದಿಸಬೇಕೆಂಬ ನಿಯಮ ಬಂತು. ಪಾಸ್ಟರುಗಳ ಶಾಲೆಯಲ್ಲಿ ವಂದಿಸದವರನ್ನು ಯಾರೂ ಬಲವಂತ ಮಾಡಲಿಲ್ಲ, ಕೆಲವೇ ದಿನಗಳಲ್ಲಿ ವಂದನೆಯೇ ನಿಂತಿತು. 1941ರ ಆಗಸ್ಟ್ 1ರ ಮಧ್ಯಾಹ್ನ, ಪೆತಾಂ ಬೆಂಬಲಿಗ ಮಾಜಿ ಸೈನಿಕರ ಸಂಘದ ಗೌರವಕ್ಕೆ ದೇಶದ ಎಲ್ಲ ಚರ್ಚುಗಳೂ ಗಂಟೆ ಬಾರಿಸಬೇಕಿತ್ತು. ಶಾಂಬೋಂ ದೇವಾಲಯವನ್ನು ನೋಡಿಕೊಳ್ಳುತ್ತಿದ್ದವಳು ಅಮೆಲಿ ಎಂಬ ಬಡ ಹೆಂಗಸು. ಗಂಟೆ ಏಕೆ ಬಾರಿಸಲಿಲ್ಲವೆಂದು ಬೇಸಿಗೆಯ ಅತಿಥಿಗಳಾಗಿ ಬಂದಿದ್ದ ಇಬ್ಬರು ಮಹಿಳೆಯರು ಅವಳ ಮೇಲೆ ಏರಿಹೋದರು. ಗಂಟೆ ಮಾರ್ಷಲ್‌ನದಲ್ಲ, ದೇವರದು, ದೇವರಿಗಾಗಿ ಮಾತ್ರ ಬಾರಿಸುತ್ತೇನೆ ಎಂದು ಅಮೆಲಿ ಬಾಗಿಲಿಗೆ ಅಡ್ಡ ನಿಂತಳು. ದಪ್ಪ ದಪ್ಪ ದೇವಶಾಸ್ತ್ರದ ಪುಸ್ತಕಗಳು ಪ್ರಭುತ್ವದ ಬಗ್ಗೆ ಹೇಳುವುದು ಅಷ್ಟರಲ್ಲಿ ಬಂತೆಂದು ನನಗನಿಸುತ್ತದೆ.

ಬಾಗಿಲಿಗೆ ಜನ ಬರತೊಡಗಿದ್ದು ಅದಕ್ಕಿಂತ ಮೊದಲೇ. ಯುದ್ಧದ ಮೊದಲ ಚಳಿಗಾಲಗಳಲ್ಲಿ ಒಂದು ಸಂಜೆ ಪಾಸ್ಟರ್ ಮನೆಯ ಕದ ತಟ್ಟಿದ ಸದ್ದಾಯಿತು. ಹಿಮದಲ್ಲಿ ತೊಯ್ದು ನಿಂತಿದ್ದವಳು ಜರ್ಮನಿಯಿಂದ ಓಡಿಬಂದ ಯೆಹೂದಿ ಹೆಂಗಸು. ಒಳಗೆ ಬರಬಹುದೇ ಎಂದು ಕೇಳಿದಳು. ಬನ್ನಿ ಎಂದರು ಮಾಗ್ದಾ. ಒದ್ದೆ ಚಪ್ಪಲಿಗಳನ್ನು ಒಲೆಯ ಹತ್ತಿರ ಇಟ್ಟರು, ಅವು ಸುಟ್ಟೇಹೋದವು. ಪಾದರಕ್ಷೆಗೂ ಪಡಿತರವಿದ್ದ ಕಾಲ. ಆ ಹೆಂಗಸಿಗೊಂದು ಜೊತೆ ಹುಡುಕಿಕೊಂಡು ಮಾಗ್ದಾ ಊರೆಲ್ಲ ಓಡಾಡಿದರು. ಕಾಗದಪತ್ರಕ್ಕೆಂದು ಊರಿನ ಮುಖ್ಯಾಧಿಕಾರಿಯ ಹತ್ತಿರ ಹೋದಾಗ, ಒಬ್ಬ ಪರದೇಶಿ ಹೆಂಗಸಿಗಾಗಿ ಊರನ್ನೇ ಅಪಾಯಕ್ಕೆ ಒಡ್ಡುತ್ತೀರಾ, ಬೆಳಗಾಗುವಷ್ಟರಲ್ಲಿ ಕಳಿಸಿಬಿಡಿ ಎಂಬ ಉತ್ತರ ಬಂತು. ಅಂದಿನಿಂದ ಮಾಗ್ದಾ ಕಚೇರಿಯಲ್ಲಿ ಕೇಳುವುದನ್ನೇ ಬಿಟ್ಟರು.

ದಕ್ಷಿಣ ಫ್ರಾನ್ಸಿನ ಗುರ್ಸ್, ರಿವ್‌ಸಾಲ್ತ್ ಶಿಬಿರಗಳಲ್ಲಿ ಸಾವಿರಾರು ವಿದೇಶಿ ಯೆಹೂದ್ಯರನ್ನು ಕೆಸರಿನಲ್ಲಿ ಕೂಡಿಹಾಕಿದ್ದರು. ಅಲ್ಲಿಗೆ ಹೋಗಿ ಸೇವೆ ಮಾಡುತ್ತೇನೆಂದು ತ್ರೋಕ್ಮೆ, ಅಹಿಂಸೆಯನ್ನು ಪಾಲಿಸುವ ಕ್ರೈಸ್ತರಾದ ಕ್ವೇಕರರ ಸಂಘದ ಬರ್ನ್ಸ್ ಚಾಮರ್ಸ್ ಅವರನ್ನು ಕಂಡರು. ಶಿಬಿರದಲ್ಲಿ ಕೆಲಸ ಮಾಡುವವರಿದ್ದಾರೆ, ಬಿಡಿಸಿ ತಂದ ಮಕ್ಕಳನ್ನು ಇಟ್ಟುಕೊಳ್ಳುವ ಊರು ಇಲ್ಲ, ನಿಮ್ಮದು ಅಂಥ ಊರಾಗುತ್ತದೆಯೇ ಎಂದು ಅವರು ತಿರುಗಿ ಕೇಳಿದರು. ತ್ರೋಕ್ಮೆ ಸಭೆಯ ಹಿರಿಯರ ಮುಂದೆ ಇಟ್ಟರು. ಅವರು ಒಪ್ಪಿದರು. ಕ್ವೇಕರರು, ಸ್ವಿಸ್ ಸಂಸ್ಥೆಗಳು, ಪ್ರಾಟೆಸ್ಟಂಟ್ ಯುವಕರ ಸಿಮಾದ್ ಸಂಘ ಹಣ ಹೊಂದಿಸಿದವು. ಊರಿನ ಹಿಂದಿನ ಮೇಯರ್ ಶಾರ್ಲ್ ಗಿಯೋಂ ಜಿನೀವಾದಿಂದ ಗಡಿ ದಾಟಿಸಿ ಹಣ ತಂದರು. ಮಕ್ಕಳ ನಿಲಯಗಳು ಒಂದರ ಮೇಲೊಂದು ತೆರೆದವು. ಉಳಿದವರು ದೂರದೂರದ ತೋಟದ ಮನೆಗಳಿಗೆ ಹೋದರು. ಅವುಗಳಲ್ಲಿ ಎಷ್ಟೋ ಮನೆಗಳು ಡಾರ್ಬಿ ಪಂಥದವರವು. ಪಾಸ್ಟರೂ ಇಲ್ಲದ, ಚರ್ಚ್ ಕಟ್ಟಡವೂ ಇಲ್ಲದ, ದಿನವೂ ಸತ್ಯವೇದ ಓದುವ ಮಿತಭಾಷಿ ರೈತರು ಅವರು. ಯೆಹೂದ್ಯರು ಅವರಿಗೆ ಅಬ್ರಹಾಮನ ಮಕ್ಕಳು, ದೇವರ ಜನ. ಅಂಥವರೊಬ್ಬರು ಹೊಸ್ತಿಲಲ್ಲಿ ಬಂದು ನಿಂತದ್ದೇ ಅವರಿಗೆ ಗೌರವದ ಮಾತಾಗಿತ್ತು. ಹೊಸಬರು ಬರುವ ಸುದ್ದಿ ಪತ್ರದಲ್ಲಿ ಗುಟ್ಟಾಗಿ ಹೋಗುತ್ತಿತ್ತು, ಇಂತಿಷ್ಟು ಹಳೆ ಒಡಂಬಡಿಕೆಯ ಪ್ರತಿಗಳನ್ನು ಕಳಿಸುತ್ತಿದ್ದೇವೆ ಎಂಬಂತೆ.

ಸುದ್ದಿ ಹಬ್ಬಿಸಲೂ ಸತ್ಯವೇದದ ಪಾಠವೇ ದಾರಿಯಾಯಿತು. ವಾರಕ್ಕೊಮ್ಮೆ ಹನ್ನೆರಡು ಹದಿಮೂರು ಯುವಕರು ತ್ರೋಕ್ಮೆ ಜೊತೆ ಒಂದು ವಾಕ್ಯಭಾಗವನ್ನು ಓದಿ ಚರ್ಚಿಸಿ, ತಮ್ಮ ತಮ್ಮ ಕೇರಿಗೆ ಹೋಗಿ ಅದನ್ನೇ ನಡೆಸುತ್ತಿದ್ದರು. ಯಾರ ಮನೆಯಲ್ಲಿ ಜಾಗವಿದೆ, ಯಾರಿಗೆ ಹಾಲು ಬೇಕು, ಇಂದು ರಾತ್ರಿ ಯಾರು ಜಾಗ ಬದಲಿಸಬೇಕು ಎಂಬುದೂ ಆ ಜೊತೆಗೇ ಹೋಗುತ್ತಿತ್ತು.

1942ರ ಜುಲೈ 16 ಮತ್ತು 17ರಂದು ಪ್ಯಾರಿಸಿನಲ್ಲಿ ಫ್ರೆಂಚ್ ಪೊಲೀಸರೇ ಸುಮಾರು 13,000 ಯೆಹೂದ್ಯರನ್ನು ಹಿಡಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. ಆಗಸ್ಟ್‌ನಲ್ಲಿ ವಿಶಿ ಸರಕಾರದ ಯುವಜನ ಇಲಾಖೆಯ ಪ್ರಧಾನ ಕಾರ್ಯದರ್ಶಿ ಲಾಮಿರಾಂ ಶಾಂಬೋಂಗೆ ಬಂದ. ಪ್ರೌಢಶಾಲೆಯ ವಿದ್ಯಾರ್ಥಿಗಳು ಅವನ ಕೈಗೆ ಒಂದು ಪತ್ರ ಕೊಟ್ಟರು. ನಮ್ಮಲ್ಲಿ ಯೆಹೂದ್ಯರಿದ್ದಾರೆ, ಸುವಾರ್ತೆ ಕಲಿಸಿದ ಪ್ರಕಾರ ಅವರಿಗೂ ನಮಗೂ ನಾವು ಭೇದ ಮಾಡುವುದಿಲ್ಲ, ಅವರನ್ನು ಕೊಂಡೊಯ್ಯುವ ಆಜ್ಞೆ ಬಂದರೆ ಅವಿಧೇಯರಾಗುತ್ತೇವೆ, ಅವರನ್ನು ಬಚ್ಚಿಡುತ್ತೇವೆ ಎಂಬುದು ಅದರಲ್ಲಿದ್ದ ವಿಷಯ. ಬಚ್ಚಿಡುತ್ತೇವೆ ಎಂದು ಮೊದಲೇ ಹೇಳಿ ಬಚ್ಚಿಟ್ಟವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರು?

ಎರಡು ವಾರಕ್ಕೆ ಪೊಲೀಸರು ಖಾಲಿ ಬಸ್ಸುಗಳ ಜೊತೆ ಬಂದರು. ಯೆಹೂದ್ಯರ ಪಟ್ಟಿ ಕೊಡಿ ಎಂದು ತ್ರೋಕ್ಮೆಯನ್ನು ಕೇಳಿದರು. ಅವರ ನಿಜವಾದ ಹೆಸರುಗಳು ತನಗೆ ಗೊತ್ತಿಲ್ಲ, ಗೊತ್ತಿದ್ದರೂ ಕೊಡುವುದಿಲ್ಲ, ತಾನು ಕುರುಬ, ಇವರು ತನ್ನ ಹಿಂಡಿನ ಆಶ್ರಯಕ್ಕೆ ಬಂದವರು ಎಂದರು. ಯೆಹೂದ್ಯರೆಂದರೇನೋ ತಮಗೆ ತಿಳಿಯದು, ಮನುಷ್ಯರು ಮಾತ್ರ ತಿಳಿದಿದ್ದಾರೆ ಎಂಬ ಅರ್ಥದ ಅವರ ಉತ್ತರ ಆಮೇಲೆ ಪ್ರಸಿದ್ಧವಾಯಿತು. ರಾತ್ರೋರಾತ್ರಿ ಸುದ್ದಿ ಮುಟ್ಟಿಸಿದ್ದರಿಂದ ಮರೆಯಾಗಬೇಕಾದವರೆಲ್ಲ ಕಾಡು ಸೇರಿದ್ದರು. ಹುಡುಕಾಟದ ಕೊನೆಗೆ ದೊಡ್ಡ ಬಸ್ಸಿನಲ್ಲಿ ಕೂತಿದ್ದವನು ಒಬ್ಬನೇ ಒಬ್ಬ. ತ್ರೋಕ್ಮೆಯ ಹನ್ನೆರಡು ವರ್ಷದ ಮಗ ಜಾನ್-ಪಿಯೆರ್ ಓಡಿಬಂದು ತನ್ನಲ್ಲಿದ್ದ ಚಾಕೊಲೇಟ್ ತುಂಡನ್ನು ಅವನ ಕೈಗಿಟ್ಟ. ಅದನ್ನು ನೋಡಿ ಊರವರು ಒಬ್ಬೊಬ್ಬರಾಗಿ ತಂದುಕೊಟ್ಟ ವಸ್ತುಗಳು ಅವನ ಪಕ್ಕದಲ್ಲಿ ರಾಶಿಬಿದ್ದವು.

ಹೆಸರು ಗೊತ್ತಿಲ್ಲ ಎಂದು ತ್ರೋಕ್ಮೆ ಹೇಳಿದ್ದು ಸುಳ್ಳಾಗಿರಲಿಲ್ಲ. ನಿಜವಾದ ಹೆಸರುಗಳನ್ನು ತನಗೆ ಹೇಳಬೇಡಿರೆಂದು ಅವರು ಮೊದಲೇ ಜಾಗ್ರತೆ ಮಾಡಿಕೊಂಡಿದ್ದರು. ನನ್ನನ್ನು ಈ ಚರಿತ್ರೆಗೆ ಮತ್ತೆ ಮತ್ತೆ ಎಳೆದು ತರುವುದು ಇದೇ ಎಳೆ. ಸುಳ್ಳು ಸಾಕ್ಷಿ ಹೇಳಬೇಡ ಎಂಬುದು ದಶಾಜ್ಞೆಗಳಲ್ಲಿ ಒಂದು. ಪ್ರಾಣ ಉಳಿಸಲಿಕ್ಕೂ ಸುಳ್ಳು ಹೇಳಕೂಡದೆಂದು ಆಗಸ್ಟೀನ್ ಖಂಡಿತವಾಗಿ ಬರೆದ. ತಾಗಸ್ತೆಯ ಫಿರ್ಮಸ್ ಎಂಬ ಬಿಷಪ್, ತಾನು ಬಚ್ಚಿಟ್ಟವನನ್ನು ಚಕ್ರವರ್ತಿಯ ಜನ ಕೇಳಿದಾಗ, ಸುಳ್ಳೂ ಹೇಳುವುದಿಲ್ಲ, ಹಿಡಿದೂ ಕೊಡುವುದಿಲ್ಲ ಎಂದು ಚಿತ್ರಹಿಂಸೆಯನ್ನು ಸಹಿಸಿದ ಕಥೆಯನ್ನು ಆತ ಮಾದರಿಯಾಗಿ ಹೇಳುತ್ತಾನೆ. ಆದರೆ ಯೆರಿಕೋವಿನ ರಾಹಾಬಳು ಗೂಢಚಾರರನ್ನು ಮಾಳಿಗೆಯ ಮೇಲೆ ಮುಚ್ಚಿಟ್ಟು ಸುಳ್ಳು ಹೇಳಿದಳು, ಸತ್ಯವೇದ ಅವಳನ್ನು ನಂಬಿಕೆಯ ಸಾಕ್ಷಿಗಳ ಸಾಲಿನಲ್ಲಿ ಇಡುತ್ತದೆ. ಮಹಾಭಾರತ ಓದಿದ ಕನ್ನಡಿಗರಿಗೆ ಕೌಶಿಕನ ನೆನಪಾಗದೆ ಇರದು. ಓಡಿಬಂದವರು ಹೋದ ದಾರಿಯನ್ನು ದರೋಡೆಕೋರರಿಗೆ ನಿಜವಾಗಿ ಹೇಳಿ, ಆ ಸತ್ಯದಿಂದಲೇ ನರಕಕ್ಕೆ ಹೋದವನು ಅವನು.

ಶಾಂಬೋಂನಲ್ಲಿ ಈ ಪ್ರಶ್ನೆ ಪಡಿತರ ಚೀಟಿಯ ರೂಪದಲ್ಲಿ ಬಂತು. ಚೀಟಿಯಿಲ್ಲದೆ ರೊಟ್ಟಿಯಿಲ್ಲ, ಗುರುತುಪತ್ರವಿಲ್ಲದೆ ಚೀಟಿಯಿಲ್ಲ. ಸುಳ್ಳು ಪತ್ರ ತಯಾರಿಸಲೇಬೇಕು. ಓಸ್ಕರ್ ರೊಸೋವ್‌ಸ್ಕಿ ಎಂಬ ಯೆಹೂದಿ ತರುಣ, ಇನ್ನೂ ಇಪ್ಪತ್ತು ತುಂಬದವನು, ಒಬ್ಬ ರೈತನ ಮನೆಯಲ್ಲಿ ಕೂತು ಸಾವಿರಾರು ಪತ್ರಗಳನ್ನು ಮಾಡಿದ. ಸಾಮಗ್ರಿಯನ್ನು ಆ ರೈತನ ಜೇನುಪೆಟ್ಟಿಗೆಗಳಲ್ಲಿ ಅಡಗಿಸುತ್ತಿದ್ದರು. ಪಾಸ್ಟರುಗಳು ಬೇಡವೆನ್ನಲಿಲ್ಲ. ಹಾಗೆಂದು ಸಲೀಸಾಗಿಯೂ ತೆಗೆದುಕೊಳ್ಳಲಿಲ್ಲ. ತ್ರೋಕ್ಮೆಗೂ ತೇಸ್‌ಗೂ ಅದು ಪಾಪವಾಗಿಯೇ ಚುಚ್ಚಿತು. ಒಳ್ಳೆಯ ಉದ್ದೇಶ ಇದ್ದುದರಿಂದ ಸುಳ್ಳು ಸತ್ಯವಾಯಿತೆಂದು ಅವರು ಯಾವತ್ತೂ ವಾದಿಸಲಿಲ್ಲ. ಇದನ್ನು ದೌರ್ಬಲ್ಯ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮುರಿದ ಆಜ್ಞೆಯನ್ನು ಮುರಿದದ್ದೆಂದೇ ಹೊತ್ತುಕೊಂಡು ನಡೆದವರು ಇನ್ನೊಂದು ಆಜ್ಞೆಯನ್ನು ಹಗುರವಾಗಿ ಮುರಿಯುವುದಿಲ್ಲ.

1943ರ ಫೆಬ್ರವರಿ 13ರ ಸಂಜೆ ತ್ರೋಕ್ಮೆ, ತೇಸ್ ಮತ್ತು ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯ ರೋಜೆ ದಾರ್ಸಿಸಾಕ್ ಅವರನ್ನು ಬಂಧಿಸಿದರು. ಪಾಸ್ಟರ್ ಮನೆಗೆ ಪೊಲೀಸರು ಬಂದಾಗ ಊಟದ ಹೊತ್ತು. ಕೂತುಕೊಳ್ಳಿ, ಊಟ ಮಾಡಿ ಎಂದರು ಮಾಗ್ದಾ. ಗಂಡನನ್ನು ಹಿಡಿಯಲು ಬಂದವರಿಗೆ ಬಡಿಸಿದ್ದೇಕೆಂದು ಆಮೇಲೆ ಎಷ್ಟೋ ಜನ ಬೆರಗಿನಿಂದ ಕೇಳಿದರು. ಊಟದ ಹೊತ್ತಿಗೆ ಬಂದವರಿಗೆ ಊಟ ಮಾಡಿ ಎನ್ನದೆ ಏನನ್ನಬೇಕಿತ್ತು ಎಂಬುದು ಅವರ ಉತ್ತರವಾಗಿತ್ತು. ಸುದ್ದಿ ಹರಡಿ ಊರವರು ಸಾಲುಗಟ್ಟಿ ಬಂದರು. ಮೇಣದಬತ್ತಿ, ಸೋಪು, ಡಬ್ಬಿಯ ಮೀನು, ಬಿಸ್ಕತ್ತು. ಒಬ್ಬರು ತಂದ ಕಾಗದದ ಸುರುಳಿಯಲ್ಲಿ ಸತ್ಯವೇದದ ಸಾಂತ್ವನದ ವಚನಗಳನ್ನು ಪೆನ್ಸಿಲಿನಲ್ಲಿ ಬರೆದಿತ್ತು. ಮೂವರನ್ನು ಕರೆದೊಯ್ಯುವಾಗ ರಸ್ತೆಯ ಎರಡೂ ಬದಿ ನಿಂತವರು ಲೂಥರನ ಕೀರ್ತನೆಯನ್ನು ಹಾಡಿದರು.

ಲಿಮೋಜ್ ಹತ್ತಿರದ ಶಿಬಿರದಲ್ಲಿ ಒಂದು ತಿಂಗಳು ಕಳೆಯಿತು. ಬಿಡುಗಡೆಯ ದಿನ ಒಂದು ಕಾಗದ ಮುಂದಿಟ್ಟರು. ಮಾರ್ಷಲ್ ಪೆತಾಂನ ಆಜ್ಞೆಗಳಿಗೆ ವಿಧೇಯರಾಗುತ್ತೇವೆಂದು ಸಹಿ ಹಾಕಬೇಕು. ಇಬ್ಬರು ಪಾಸ್ಟರುಗಳೂ ಹಾಕಲಿಲ್ಲ. ಹೊರಗೆ ಹೋದ ಮೇಲೆ ಅವಿಧೇಯರಾಗುವುದು ಖಂಡಿತವಾದ್ದರಿಂದ, ಸಹಿ ಸುಳ್ಳಾಗುತ್ತದೆ. ಅಧಿಕಾರಿ ಸಿಟ್ಟಿಗೆದ್ದು ವಾಪಸ್ ಕಳಿಸಿದ. ಮರುದಿನ ಮೇಲಿನಿಂದ ಆಜ್ಞೆ ಬಂದು, ಸಹಿಯಿಲ್ಲದೆಯೇ ಬಿಟ್ಟರು.

ಆ ಹೊತ್ತಿಗೆ ಜರ್ಮನ್ ಸೈನ್ಯ ಅಲ್ಲಿಯವರೆಗೆ ವಿಶಿ ಸರಕಾರದ ಕೈಯಲ್ಲಿದ್ದ ದಕ್ಷಿಣಕ್ಕೂ ಬಂದಾಗಿತ್ತು. ಜೂನ್ 29ರ ಬೆಳಿಗ್ಗೆ ಜರ್ಮನ್ ಪೊಲೀಸರು ಮೇಜೋಂ ದೆ ರೋಶ್ ಎಂಬ ವಿದ್ಯಾರ್ಥಿನಿಲಯಕ್ಕೆ ನುಗ್ಗಿದರು. ಅದರ ಮುಖ್ಯಸ್ಥ ದಾನಿಯೆಲ್ ತ್ರೋಕ್ಮೆ, ಪಾಸ್ಟರ್ ಸಂಬಂಧಿಕ, ಮೂವತ್ತೊಂದು ವರ್ಷದವನು, ದುರ್ಬಲ ಹೃದಯದವನು. ಆಗ ಆತ ಬೇರೊಂದು ಮಕ್ಕಳ ಮನೆಯಲ್ಲಿದ್ದ, ಕಾಡಿಗೆ ತಪ್ಪಿಸಿಕೊಳ್ಳಬಹುದಿತ್ತು. ಹುಡುಗರ ಬಳಿಗೇ ಹೋದ. 18 ವಿದ್ಯಾರ್ಥಿಗಳ ಜೊತೆ ಅವನನ್ನೂ ಒಯ್ದರು. 1944ರ ಏಪ್ರಿಲ್‌ನಲ್ಲಿ ಪೋಲೆಂಡಿನ ಮಾಯ್ದಾನೆಕ್ ಶಿಬಿರದಲ್ಲಿ ಸತ್ತ. ಈ ಕೆಲಸಕ್ಕೆ ಬಂದದ್ದೇಕೆಂದು ತಂದೆತಾಯಿಗೆ ಮೊದಲೇ ಪತ್ರ ಬರೆದಿದ್ದ: ಮುಂದೊಂದು ದಿನ ನನ್ನ ಬಗ್ಗೆ ನನಗೇ ನಾಚಿಕೆಯಾಗಬಾರದೆಂದು.

ತ್ರೋಕ್ಮೆಯನ್ನು ಕೊಲ್ಲುವ ಸಂಚಿದೆಯೆಂದು ತಿಳಿದ ಮೇಲೆ, ಹಿರಿಯರ ಒತ್ತಾಯಕ್ಕೆ ಅವರು ಹತ್ತು ತಿಂಗಳಿಗೂ ಹೆಚ್ಚು ಕಾಲ ತಲೆಮರೆಸಿಕೊಂಡರು. ಕೈಯಲ್ಲಿದ್ದದ್ದು ಬೆಗೆ ಎಂಬ ಸುಳ್ಳು ಹೆಸರಿನ ಗುರುತುಪತ್ರ. ಒಮ್ಮೆ ಲಿಯೋಂ ರೈಲುನಿಲ್ದಾಣದಲ್ಲಿ ಜರ್ಮನ್ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಇದು ನಿನ್ನ ನಿಜವಾದ ಹೆಸರೇ ಎಂದು ಕೇಳಿದರೆ ಹೌದೆನ್ನಲು ತನ್ನಿಂದಾಗದು, ನಾನು ಪಾಸ್ಟರ್ ತ್ರೋಕ್ಮೆ ಎಂದೇ ಹೇಳುತ್ತೇನೆ ಎಂದು ಅಲ್ಲಿಯೇ ತೀರ್ಮಾನಿಸಿದರು. ಅದರ ಅರ್ಥ ಸಾವು. ಜೊತೆಯಲ್ಲಿ ಕರೆತಂದಿದ್ದ ಮಗ ಜಾಕ್ ರೈಲಿನಲ್ಲಿ ಒಬ್ಬನೇ ಇದ್ದ. ಹುಡುಗನನ್ನು ಕರೆತರುತ್ತೇನೆಂದು ಜರ್ಮನ್ ಭಾಷೆಯಲ್ಲಿ ಕೇಳಿ, ಅನುಮತಿ ಸಿಕ್ಕಿ, ಗುಂಪಿನ ನಡುವೆ ಅವನ ಕೈಹಿಡಿದು ಪಾರಾದರು. ಯಾರೂ ಹೆಸರು ಕೇಳಲಿಲ್ಲ.

ಇಡೀ ಪ್ರಸ್ಥಭೂಮಿಯಲ್ಲಿ ಹೀಗೆ ಸಾವಿರಾರು ಜನ ಉಳಿದರು. ಅಹಿಂಸೆ ಒಂದರಿಂದಲೇ ಉಳಿದರೆಂದು ಹೇಳಿದರೆ ಅನ್ಯಾಯವಾದೀತು. ಸುತ್ತಲ ಕಾಡಿನಲ್ಲಿ ಬಂದೂಕು ಹಿಡಿದ ಪ್ರತಿರೋಧದ ದಳಗಳಿದ್ದವು, ಶಾಂಬೋಂ ಯುವಕರೂ ಅವುಗಳಿಗೆ ಸೇರಿದರು. ಅವರ ನೆರವಿಗೆ ಹೋಗುತ್ತಿದ್ದ ಊರಿನ ವೈದ್ಯ ರೋಜೆ ಲೆ ಫೋರೆಸ್ತಿಯೆ ಅವರನ್ನು ಜರ್ಮನರು 1944ರ ಆಗಸ್ಟ್ 20ರಂದು ಲಿಯೋಂ ಬಳಿ ಕೊಂದರು. ಕೊನೆಗೆ ಬಿಡುಗಡೆ ತಂದದ್ದು ಸೈನ್ಯಗಳೇ.

1990ರಲ್ಲಿ ಯೆಹೂದ್ಯರ ಹತ್ಯಾಕಾಂಡದ ಸ್ಮರಣೆಗಾಗಿ ಇರುವ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಊರಿನವರನ್ನೂ ಸುತ್ತಲ ಹಳ್ಳಿಗಳವರನ್ನೂ ಒಟ್ಟಾಗಿ ಗೌರವಿಸಿತು. ಅದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು ತ್ರೋಕ್ಮೆ ಒಬ್ಬರನ್ನೇ ಗೌರವಿಸಲು ಹೊರಟಾಗ, ನಾನೊಬ್ಬನೇ ಏಕೆ, ಆ ರೈತರೇಕಲ್ಲ, ನನಗಿಂತ ಹೆಚ್ಚು ಮಾಡಿದ ನನ್ನ ಹೆಂಡತಿ ಏಕಲ್ಲ ಎಂದು ಅವರು ಕೇಳಿದ್ದರು. ಅವರು ತೀರಿಕೊಂಡದ್ದು 1971ರಲ್ಲಿ, ಮಾಗ್ದಾ 1996ರಲ್ಲಿ.

1944ರ ಆಗಸ್ಟ್‌ಗೆ ಮರಳಿ ಹೋಗದೆ ಈ ಚರಿತ್ರೆ ಮುಗಿಯುವುದಿಲ್ಲ. ತ್ರೋಕ್ಮೆ ಆಗಷ್ಟೇ ಮನೆಗೆ ಬಂದಿದ್ದರು. ಚಾಕೊಲೇಟ್ ಕೊಟ್ಟ ಹುಡುಗ ಜಾನ್-ಪಿಯೆರ್, ಹದಿನಾಲ್ಕರ ವಯಸ್ಸಿನಲ್ಲಿ, ಮನೆಯಲ್ಲಿ ಒಬ್ಬನೇ ಇದ್ದಾಗ ನಡೆದ ಅವಘಡದಲ್ಲಿ ತೀರಿಕೊಂಡ. ಅಷ್ಟು ಪರರ ಮಕ್ಕಳನ್ನು ಕಾದ ಮನೆ ಅದು. ಅಂದಿನಿಂದ, ದೇವರು ತನ್ನವರನ್ನು ಕಾಯುತ್ತಾನೆ ಎಂದು ಮೊದಲಿನಂತೆ ಹೇಳುವುದು ತ್ರೋಕ್ಮೆಗೆ ಕೊನೆಯವರೆಗೂ ಆಗಲಿಲ್ಲ. ತುದಿ ಕಡಿದ ಪೈನ್ ಮರ ಮತ್ತೆ ಚಿಗುರುವುದಿಲ್ಲ, ತಾನು ಹಾಗಾದೆ ಎಂದು ಬರೆದುಕೊಂಡರು.

ಊರಿನ ಹತ್ತಿರ ಪ್ರತಿರೋಧದ ದಳ ಸೆರೆಹಿಡಿದ ಜರ್ಮನ್ ಸೈನಿಕರನ್ನು ಇಟ್ಟಿದ್ದರು. ಮಗ ಹೋದ ಆ ತಿಂಗಳುಗಳಲ್ಲಿ ತ್ರೋಕ್ಮೆ ಅವರ ಬಳಿಗೆ ಹೋಗತೊಡಗಿದರು. ಹಳ್ಳಿಯವರಿಗೂ ಬಂದೂಕಿನವರಿಗೂ ಅದು ಸಹನೆಯಾಗಲಿಲ್ಲ. ಅವರು ನಿಲ್ಲಿಸಲಿಲ್ಲ. ಭಾನುವಾರ ಬೆಳಿಗ್ಗೆ ಶಾಂಬೋಂ ದೇವಾಲಯದಲ್ಲಿ ಫ್ರೆಂಚಿನಲ್ಲಿ ಕೊಟ್ಟ ಪ್ರಸಂಗವನ್ನೇ ಮಧ್ಯಾಹ್ನ ಆ ಕೈದಿಗಳಿಗೆ ಜರ್ಮನ್‌ನಲ್ಲಿ ಕೊಡುತ್ತಿದ್ದರು.